ಓದಲು ಹೋದ ಮಗನ ದುಡಿಮೆಯನ್ನು ನಂಬಿ ಸಾಲ ಮಾಡಬಹುದೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮಗೆ ಐದು ಎಕರೆ ಕಾಫಿ ತೋಟವಿದೆ. ಮಗ ಹಾಸನದಲ್ಲಿ ಬಿ.ಇ. ಮುಗಿಸಿ, ಒಂದು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಇಂಗ್ಲೆಂಡಿನಲ್ಲಿ, ಲಂಡನ್ನಿನಿಂದ ಹೊರಗಿರುವ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ 2026ರ ಸೆಪ್ಟೆಂಬರ್ ತಂಡದಲ್ಲಿ ಅವನಿಗೆ ಸೀಟು ಸಿಕ್ಕಿದೆ. ಫೀಸಿಗೆ ಮನೆಯನ್ನು ಅಡವಿಟ್ಟು ಸಾಲ ಮಾಡುವುದು, ಊಟ ವಸತಿಯ ಖರ್ಚನ್ನು ಅವನೇ ದುಡಿದುಕೊಳ್ಳುವುದು ಎಂದು ಯೋಚಿಸಿದ್ದೇವೆ. ವಾರಕ್ಕೆ 20 ಗಂಟೆ ಎಂಬುದು ಸರಾಸರಿ ಲೆಕ್ಕ, ಬೇಸಿಗೆಯ ಮೂರು ತಿಂಗಳು ಪೂರ್ತಿ ದಿನ ದುಡಿಯಬಹುದು, ಊಟದ ಪೊಟ್ಟಣ ತಲುಪಿಸುವ ಆ್ಯಪ್‌ನಲ್ಲಿ ಬೇರೆಯವರ ಖಾತೆ ಬಾಡಿಗೆಗೆ ಸಿಗುತ್ತದೆ, ಬೆಂಗಳೂರಿನ ಕಂಪನಿಯ ಕೆಲಸವನ್ನೂ ರಾತ್ರಿ ಹೊತ್ತು ಮುಂದುವರಿಸಬಹುದು, ಓದು ಮುಗಿದ ಮೇಲೆ ಎರಡು ವರ್ಷ ಅಲ್ಲಿಯೇ ಇರಬಹುದು ಎಂದು ಏಜೆಂಟ್ ಹೇಳುತ್ತಾರೆ. ನೆಂಟರ ಪರಿಚಯದವರೊಬ್ಬರು ಲೆಸ್ಟರ್‌ನ ತಮ್ಮ ಹೋಟೆಲಿನಲ್ಲಿ ನಗದು ಕೂಲಿ ಕೊಡುವುದಾಗಿ ಹೇಳಿದ್ದಾರೆ. ಇದರ ನಡುವೆ, ಪಕ್ಕದ ಊರಿನ ಹುಡುಗನೊಬ್ಬ ವೀಸಾ ರದ್ದಾಗಿ ಅರ್ಧಕ್ಕೇ ಹಿಂದಿರುಗಿದ ಸುದ್ದಿ ಕೇಳಿ ಭಯವಾಗಿದೆ. ಏಜೆಂಟ್ ಹೇಳಿದ್ದರಲ್ಲಿ ಎಷ್ಟು ನಿಜ? ನಾವು ಮುಂದುವರಿಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಾರಿದ್ದರೂ ಚಿಂತೆ ಒಂದೇ. ಮಗ ದುಡಿಯುತ್ತಾನೆ ಎಂಬ ಭರವಸೆಯ ಮೇಲೆ ಸಾಲಕ್ಕೆ ಸಹಿ ಹಾಕಬಹುದೇ, ಆ ಭರವಸೆ ಕೈಕೊಟ್ಟರೆ ಅವನ ಗತಿ ಏನು, ಮನೆಯ ಗತಿ ಏನು ಎಂಬುದು. ಅವನಿಗೆ ಅಲ್ಲಿ ಕೆಲಸ ಮಾಡುವ ಹಕ್ಕು ಖಂಡಿತ ಇದೆ. ಆದರೆ ಊಟ ವಸತಿಯ ಖರ್ಚನ್ನು ಆ ಹಕ್ಕಿನ ಮೇಲೆ ನಿಲ್ಲಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಸನ ಮತ್ತು ಚಿಕ್ಕಮಗಳೂರು ಕಡೆಯ ಕುಟುಂಬಗಳಿಗೆ ವಿದೇಶ ವ್ಯಾಸಂಗದ ಬಗ್ಗೆ ಸಲಹೆ ನೀಡುತ್ತಾ ಬಂದಿರುವ ನಾನು ಕಂಡಂತೆ, ನಿಯಮ ಮೀರಿ ತೊಂದರೆಗೆ ಸಿಲುಕಿದ ಹುಡುಗರಲ್ಲಿ ದುಡ್ಡಿನ ಆಸೆಗೆ ಬಿದ್ದವರು ವಿರಳ. ಹೆಚ್ಚಿನವರು ಊರಿನಲ್ಲಿ ಹಾಕಿದ ಲೆಕ್ಕ ಅಲ್ಲಿ ಹೊಂದದೆ, ಮನೆಗೆ ಫೋನ್ ಮಾಡಿ ಹಣ ಕೇಳಲು ಸಂಕೋಚಪಟ್ಟು, ಬಾಡಿಗೆ ಕಟ್ಟುವ ತಾರೀಕು ಹತ್ತಿರ ಬಂದಾಗ ಸಿಕ್ಕ ಕೆಲಸಕ್ಕೆ ಕೈ ಹಾಕಿದವರು.

ಮೊದಲು ಕಾನೂನನ್ನು ನೋಡೋಣ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದ ಮೇಲೆ ಪದವಿ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಪೂರ್ಣಕಾಲಿಕವಾಗಿ ಓದುವವರು ಪಾಠದ ಅವಧಿಯಲ್ಲಿ ವಾರಕ್ಕೆ ಹೆಚ್ಚೆಂದರೆ 20 ಗಂಟೆ, ವಿಶ್ವವಿದ್ಯಾಲಯ ಪ್ರಕಟಿಸಿದ ರಜೆಗಳಲ್ಲಿ ಪೂರ್ಣಾವಧಿ ಕೆಲಸ ಮಾಡಬಹುದು. ಪದವಿಗಿಂತ ಕೆಳಹಂತದ ಕೋರ್ಸಾದರೆ ಮಿತಿ 10 ಗಂಟೆ. ಇದು ಸರಾಸರಿ ಎಂಬ ಮಾತು ಸಂಪೂರ್ಣ ತಪ್ಪು. ಸೋಮವಾರದಿಂದ ಭಾನುವಾರದವರೆಗಿನ ಏಳು ದಿನಗಳನ್ನು ಒಂದು ವಾರ ಎಂದು ಎಣಿಸಲಾಗುತ್ತದೆ ಮತ್ತು ಪ್ರತಿಯೊಂದು ವಾರವೂ ಪ್ರತ್ಯೇಕವಾಗಿ ಮಿತಿಯೊಳಗೆ ಇರಬೇಕು. ಒಂದು ವಾರ 26 ಗಂಟೆ ದುಡಿದು ಮರುವಾರ 14 ಗಂಟೆಗೆ ಇಳಿಸಿಕೊಂಡರೆ ಮೊದಲ ವಾರದ ಉಲ್ಲಂಘನೆ ಅಳಿಸಿಹೋಗುವುದಿಲ್ಲ. ಎರಡು ಕಡೆ ಕೆಲಸವಿದ್ದರೆ ಎರಡರ ಗಂಟೆಗಳೂ ಒಟ್ಟು ಸೇರುತ್ತವೆ. ಸಂಬಳದ ಚೀಟಿಯಲ್ಲಿ ಮಾಲೀಕರ ವಾರ ಬುಧವಾರದಿಂದಲೋ ಶನಿವಾರದಿಂದಲೋ ಆರಂಭವಾಗಿರುವುದುಂಟು. ಆದ್ದರಿಂದ ಮಗ ತನ್ನ ಗಂಟೆಗಳನ್ನು ಸೋಮವಾರದಿಂದ ಭಾನುವಾರಕ್ಕೆ ತಾನೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬೇಸಿಗೆಯ ಮೂರು ತಿಂಗಳ ಮಾತು ಇನ್ನೂ ಅಪಾಯಕಾರಿ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಮೂರು ವರ್ಷದ ಪದವಿ ಓದುವವರಿಗೆ ಬೇಸಿಗೆ ನಿಜವಾಗಿಯೂ ರಜೆ. ಒಂದು ವರ್ಷದ ಎಂ.ಎಸ್ಸಿ. ಓದುವವರಿಗೆ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಗತಿಗಳು ನಡೆಯದಿದ್ದರೂ ಅದು ಪ್ರಬಂಧ ಬರೆಯುವ ಕಾಲ, ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳು ಅದನ್ನು ಪಾಠದ ಅವಧಿಯೆಂದೇ ಪರಿಗಣಿಸುತ್ತವೆ. ಅಂದರೆ ಆಗಲೂ 20 ಗಂಟೆಯ ಮಿತಿ ಅನ್ವಯಿಸುತ್ತದೆ. ಪ್ರಬಂಧ ಒಪ್ಪಿಸಿದ ಕೂಡಲೇ ಮಿತಿ ಸಡಿಲವಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಲೆಕ್ಕಕ್ಕೆ ಬರುವುದು ಒಪ್ಪಿಸಿದ ದಿನವಲ್ಲ, ವಿಶ್ವವಿದ್ಯಾಲಯ ಅಧಿಕೃತವಾಗಿ ದಾಖಲಿಸಿರುವ ಕೋರ್ಸಿನ ಕೊನೆಯ ದಿನ. ಹೀಗಾಗಿ ನಿಮ್ಮ ಮಗನಿಗೆ ಓದಿನ ನಡುವೆ ಪೂರ್ಣಾವಧಿ ಕೆಲಸಕ್ಕೆ ಸಿಗುವುದು ಸಾಮಾನ್ಯವಾಗಿ ಕ್ರಿಸ್‌ಮಸ್ ಮತ್ತು ಈಸ್ಟರ್ ರಜೆಯ ಕೆಲವು ವಾರಗಳು ಮಾತ್ರ. ಅವನ ಕೋರ್ಸಿನ ಅವಧಿ ಮತ್ತು ರಜೆಯ ದಿನಾಂಕಗಳನ್ನು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಇಮೇಲ್ ಮೂಲಕ ಈಗಲೇ ಕೇಳಿ ತರಿಸಿಕೊಳ್ಳಿ. ಏಜೆಂಟರ ಬಾಯಿಮಾತಿಗಿಂತ ಆ ಒಂದು ಇಮೇಲ್ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಊಟದ ಪೊಟ್ಟಣ ತಲುಪಿಸುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಗಂಟೆಗಳ ಮಿತಿ ದಾಟದಿದ್ದರೂ ವಿದ್ಯಾರ್ಥಿ ವೀಸಾದಲ್ಲಿ ಕೆಲವು ಬಗೆಯ ಕೆಲಸಗಳೇ ನಿಷಿದ್ಧ. ಸ್ವಂತ ವ್ಯವಹಾರ ಹಾಗೂ ಸ್ವತಂತ್ರ ಗುತ್ತಿಗೆಯ ಕೆಲಸ ಅವುಗಳಲ್ಲಿ ಮುಖ್ಯವಾದವು. ಈ ಆ್ಯಪ್‌ಗಳಲ್ಲಿ ಸೈಕಲ್ಲು, ಬೈಕಿನಲ್ಲಿ ಓಡಾಡುವವರನ್ನು ಕಂಪನಿಗಳು ಸಾಮಾನ್ಯವಾಗಿ ನೌಕರರೆಂದಲ್ಲ, ಸ್ವತಂತ್ರ ಗುತ್ತಿಗೆದಾರರೆಂದು ನಡೆಸಿಕೊಳ್ಳುತ್ತವೆ. ಇಂಥದೇ ಆ್ಯಪ್ ಆದ ಡೆಲಿವರೂವಿನ ಸವಾರರ ಸಂಘಟನೆಯ ಹಕ್ಕಿನ ಪ್ರಕರಣದಲ್ಲಿ 2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ಅವರ ಮತ್ತು ಕಂಪನಿಯ ನಡುವೆ ಉದ್ಯೋಗ ಸಂಬಂಧವಿಲ್ಲ ಎಂದೇ ತೀರ್ಮಾನಿಸಿತು. ಆದ್ದರಿಂದ ವಿದ್ಯಾರ್ಥಿಯೊಬ್ಬ ವಾರಕ್ಕೆ ಎರಡೇ ಗಂಟೆ ಈ ಕೆಲಸ ಮಾಡಿದರೂ ಅದು ವೀಸಾ ಷರತ್ತಿನ ಉಲ್ಲಂಘನೆ. ಬೇರೆಯವರ ಖಾತೆಯನ್ನು ಬಾಡಿಗೆಗೆ ಪಡೆದರೆ ಅದರ ಜೊತೆಗೆ ಗುರುತು ಮರೆಸಿದ ತಪ್ಪೂ ಸೇರುತ್ತದೆ, ಗಳಿಕೆ ಖಾತೆಯ ಮಾಲೀಕನ ಬ್ಯಾಂಕಿಗೆ ಹೋಗುತ್ತದೆ, ಅವನು ಕೊಡದಿದ್ದರೆ ಕೇಳಲು ದಾರಿಯಿರುವುದಿಲ್ಲ. ಇದನ್ನು ಕುಟುಂಬದ ಮುಂದೆ ಒಂದು ಅನುಕೂಲವೆಂಬಂತೆ ಇಡುವ ಏಜೆಂಟರ ಉಳಿದ ಮಾತುಗಳನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ.

ಬೆಂಗಳೂರಿನ ಕಂಪನಿಯ ಕೆಲಸಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಸಂಬಳ ರೂಪಾಯಿಯಲ್ಲಿ ಬಂದರೂ, ಕಂಪನಿ ಭಾರತದಲ್ಲಿದ್ದರೂ, ಕೆಲಸ ಮಾಡುವ ವ್ಯಕ್ತಿ ಇಂಗ್ಲೆಂಡಿನ ಕೋಣೆಯಲ್ಲಿ ಕುಳಿತಿದ್ದರೆ ಅದು ಅಲ್ಲಿ ಮಾಡಿದ ಕೆಲಸವೇ. ಅವನು ಕಂಪನಿಯ ನೌಕರನಾಗಿ ಉಳಿದರೆ ಆ ಗಂಟೆಗಳು 20ರೊಳಗೆ ಸೇರುತ್ತವೆ, ಫ್ರೀಲ್ಯಾನ್ಸ್ ಆಗಿ ಬಿಲ್ ಕಳುಹಿಸಿದರೆ ಅದು ನಿಷಿದ್ಧ ಪಟ್ಟಿಗೆ ಸೇರುತ್ತದೆ. ಅಲ್ಲದೆ ಹಗಲು ಪಾಠ ಕೇಳಿ ಭಾರತದ ಸಮಯಕ್ಕೆ ಹೊಂದಿಕೊಂಡು ದುಡಿಯುವ ಹುಡುಗನಿಗೆ ಓದಲು ಉಳಿಯುವ ಸಮಯ ಎಷ್ಟು ಎಂಬುದನ್ನೂ ಯೋಚಿಸಬೇಕು.

ಇಷ್ಟು ಬಿಗಿ ಏಕೆ ಎಂದು ನೀವು ಕೇಳಬಹುದು. ವಿದ್ಯಾರ್ಥಿಗೆ ಆ ದೇಶ ಅನುಮತಿ ಕೊಡುವುದು ಓದಲು, ಅವನ ಖರ್ಚಿಗೆ ಬೇಕಾದ ಹಣ ಮೊದಲೇ ಇದೆ ಎಂಬ ದಾಖಲೆಯ ಆಧಾರದ ಮೇಲೆ. ವಿಶ್ವವಿದ್ಯಾಲಯ ಅವನ ಪ್ರಾಯೋಜಕ. ಹಾಜರಿಯ ಮೇಲೆ ಕಣ್ಣಿಟ್ಟು, ಓದು ನಿಲ್ಲಿಸಿದವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಹೊಣೆ ಅದರದು, ತಪ್ಪಿದರೆ ವಿದೇಶಿ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವ ಪರವಾನಗಿಗೇ ಕುತ್ತು. ಮಾಲೀಕರ ಮೇಲೂ ಒತ್ತಡವಿದೆ. ಕೆಲಸ ಮಾಡುವ ಅನುಮತಿಯಿಲ್ಲದವರನ್ನು ಇಟ್ಟುಕೊಂಡು ಸಿಕ್ಕಿಬಿದ್ದ ಮಾಲೀಕರಿಗೆ 2024ರ ಫೆಬ್ರವರಿಯಿಂದ ಮೊದಲ ತಪ್ಪಿಗೆ ತಲಾ 45,000 ಪೌಂಡ್‌ವರೆಗೆ, ಮರುಕಳಿಸಿದರೆ 60,000 ಪೌಂಡ್‌ವರೆಗೆ ದಂಡ ವಿಧಿಸಲಾಗುತ್ತದೆ. ಸಂಬಳದಿಂದ ತೆರಿಗೆ ಕಡಿತವಾದಾಗಲೆಲ್ಲ ಅದರ ವಿವರ ತೆರಿಗೆ ಇಲಾಖೆಗೆ ಸಲ್ಲಿಕೆಯಾಗುತ್ತದೆ, ಆ ಮಾಹಿತಿ ವಲಸೆ ಇಲಾಖೆಗೂ ಸಿಗುತ್ತದೆ. ಇದರ ಪರಿಣಾಮವೇನೆಂದರೆ, ಮರ್ಯಾದಸ್ಥ ಮಾಲೀಕರು 20 ಗಂಟೆಗಿಂತ ಹೆಚ್ಚು ಕೆಲಸ ಕೊಡಲು ಒಪ್ಪುವುದಿಲ್ಲ. ಕೊಡಲು ಒಪ್ಪುವವರು ಹೆಚ್ಚಾಗಿ ವಿದ್ಯಾರ್ಥಿಯ ಅಸಹಾಯಕತೆಯನ್ನು ಬಲ್ಲವರು.

ಲೆಸ್ಟರ್‌ನ ಹೋಟೆಲಿನ ವಿಚಾರವನ್ನು ಈ ಬೆಳಕಿನಲ್ಲಿ ನೋಡಿ. ಕೂಲಿಯನ್ನು ನಗದಾಗಿ ಕೊಡುವುದೇ ಅಪರಾಧವಲ್ಲ. ಸಂಬಳದ ಚೀಟಿ, ತೆರಿಗೆಯ ದಾಖಲೆ, ಗಂಟೆಗಳ ಲೆಕ್ಕ ಇವೆಲ್ಲ ಇದ್ದರೆ ಅದು ಸಕ್ರಮ ಕೆಲಸ. ಇವು ಯಾವುವೂ ಇಲ್ಲದ ನಗದಿನ ಹಿಂದೆ ಇರುವುದು ಸಾಮಾನ್ಯವಾಗಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ, ಮಿತಿ ಮೀರಿದ ಗಂಟೆ ಮತ್ತು ದೂರು ಕೊಟ್ಟರೆ ನಿನ್ನ ವೀಸಾ ಹೋಗುತ್ತದೆ ಎಂಬ ಮೌನ ಬೆದರಿಕೆ. 2016ರ ವಲಸೆ ಕಾಯ್ದೆಯ ಪ್ರಕಾರ ಷರತ್ತು ಮೀರಿ ಕೆಲಸ ಮಾಡುವುದು ಕೆಲಸಗಾರನ ಪಾಲಿಗೂ ಕ್ರಿಮಿನಲ್ ಅಪರಾಧ, ಹಾಗೆ ಗಳಿಸಿದ ಹಣವನ್ನು ಜಪ್ತಿ ಮಾಡಲೂ ಅವಕಾಶವಿದೆ. ವೀಸಾ ರದ್ದಾದರೆ ಪದವಿ ಅರ್ಧಕ್ಕೆ ನಿಲ್ಲುತ್ತದೆ, ಕಟ್ಟಿದ ಫೀಸು ಮರಳಿ ಬರುವುದು ಕಷ್ಟ, ಮುಂದೆ ಬೇರೆ ದೇಶಗಳ ವೀಸಾ ಅರ್ಜಿಯಲ್ಲಿಯೂ ಇದನ್ನು ಹೇಳಿಕೊಳ್ಳಬೇಕಾಗಿ ಬರುತ್ತದೆ. ಪರಿಚಯದವರು ಎಂಬ ಕಾರಣಕ್ಕೆ ಮನೆಯವರೇ ಹುಡುಗನನ್ನು ಅಂಥಲ್ಲಿಗೆ ಕಳುಹಿಸಿದರೆ, ಅನ್ಯಾಯವಾದಾಗ ಅವನು ಬಾಯಿ ಬಿಡುವುದೂ ಕಷ್ಟವಾಗುತ್ತದೆ. ನೆಂಟಸ್ತಿಕೆಯ ದಾಕ್ಷಿಣ್ಯ ನಮ್ಮ ಕಡೆ ಎಷ್ಟು ಗಟ್ಟಿಯೆಂಬುದು ನಿಮಗೇ ಗೊತ್ತಿದೆ.

ಹಾಗೆಂದು ಕಾನೂನುಬದ್ಧ ಕೆಲಸಕ್ಕೆ ಹೆದರಬೇಕಾಗಿಲ್ಲ. ಗ್ರಂಥಾಲಯ, ವಿದ್ಯಾರ್ಥಿ ಸಂಘದ ಕ್ಯಾಂಟೀನು, ಸೂಪರ್‌ಮಾರ್ಕೆಟ್ಟು, ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಮ್ಮ ಮಕ್ಕಳು ಮಿತಿಯೊಳಗೆ ದುಡಿದು, ಭಾಷೆ ಕಲಿತು, ಧೈರ್ಯ ಬೆಳೆಸಿಕೊಂಡಿದ್ದಾರೆ. ವಿದ್ಯಾರ್ಥಿ ಎಂಬ ಕಾರಣಕ್ಕೆ ಅವರ ಹಕ್ಕುಗಳು ಕಡಿಮೆಯಾಗುವುದಿಲ್ಲ. ಕನಿಷ್ಠ ವೇತನ, ಸಂಬಳದ ಚೀಟಿ, ಕೆಲಸದ ಷರತ್ತುಗಳ ಲಿಖಿತ ವಿವರ, ವರ್ಷಕ್ಕೆ 5.6 ವಾರಗಳ ಲೆಕ್ಕದಲ್ಲಿ ಸಂಬಳಸಹಿತ ರಜೆ ಇವೆಲ್ಲ ಅವರಿಗೂ ಸಲ್ಲುತ್ತವೆ. ಸಂಬಳ ತಡೆಹಿಡಿದರೆ ಏಕಾಸ್ ಎಂಬ ಸಾರ್ವಜನಿಕ ಸಂಸ್ಥೆಯ ಸಹಾಯವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ಕೆಲಸಕ್ಕೆ ಸೇರುವಾಗ ಮಗ ತನ್ನ ಡಿಜಿಟಲ್ ವೀಸಾ ಖಾತೆಯಿಂದ ಶೇರ್ ಕೋಡ್, ಅಂದರೆ ಅವನ ಕೆಲಸದ ಹಕ್ಕನ್ನು ಆನ್‌ಲೈನಿನಲ್ಲಿ ಪರಿಶೀಲಿಸಲು ಬಳಸುವ ಸಂಕೇತ, ತೆಗೆದು ಮಾಲೀಕರಿಗೆ ಕೊಡಬೇಕು. ಅದನ್ನು ಕೇಳದೆ ಕೆಲಸ ಕೊಡುವ ಜಾಗವನ್ನು ಅವನು ಅಲ್ಲಿಗೇ ಬಿಟ್ಟು ಬರಲಿ.

ಈಗ ಹಣದ ವಿಚಾರ. ನಿಮ್ಮ ಯೋಜನೆ ನಿಜವಾಗಿ ಎಡವುವುದು ಇಲ್ಲಿ. 2026ರ ಏಪ್ರಿಲ್‌ನಿಂದ 21 ವರ್ಷ ತುಂಬಿದವರಿಗೆ ಕನಿಷ್ಠ ವೇತನ ಗಂಟೆಗೆ 12.71 ಪೌಂಡ್. ವಾರಕ್ಕೆ 20 ಗಂಟೆ, ಒಂದು ವಾರವೂ ತಪ್ಪದೆ ದುಡಿದರೆ ವಾರಕ್ಕೆ 254 ಪೌಂಡ್, ತಿಂಗಳಿಗೆ ಸುಮಾರು 1,100 ಪೌಂಡ್ ಆಗುತ್ತದೆ. ಲಂಡನ್ನಿನ ಹೊರಗೆ ಓದುವವರಿಗೆ ತಿಂಗಳ ಖರ್ಚು 1,171 ಪೌಂಡ್ ಎಂದು ಬ್ರಿಟನ್ ಸರ್ಕಾರವೇ 2025ರ ನವೆಂಬರ್‌ನಲ್ಲಿ ನಿಗದಿ ಮಾಡಿದೆ. ಕಾನೂನು ಕೊಟ್ಟ ಕೊನೆಯ ಗಂಟೆಯವರೆಗೆ ದುಡಿದರೂ ಆ ಮೊತ್ತ ಮುಟ್ಟುವುದಿಲ್ಲ. ವಾಸ್ತವದಲ್ಲಿ ಅಷ್ಟೂ ಕೈಗೆ ಬರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಇಳಿದವರು ಕೋಣೆ ಹಿಡಿದು, ಬ್ಯಾಂಕ್ ಖಾತೆ ತೆರೆದು, ಕೆಲಸ ಹುಡುಕಿ, ಮೊದಲ ಸಂಬಳ ಕಾಣುವ ಹೊತ್ತಿಗೆ ಚಳಿಗಾಲ ಬಂದಿರುತ್ತದೆ. ಹಲವು ಕಡೆ ಕೊಡುವುದು ಝೀರೋ ಅವರ್ಸ್ ಕರಾರು, ಅಂದರೆ ಈ ವಾರ 18 ಗಂಟೆ ಸಿಕ್ಕರೆ ಮುಂದಿನ ವಾರ ಆರೇ ಗಂಟೆ ಸಿಗಬಹುದು. ಪರೀಕ್ಷೆಯ ವಾರಗಳಲ್ಲಿ ಅವನೇ ಕೆಲಸ ಬಿಡಬೇಕಾಗುತ್ತದೆ.

ವೀಸಾ ಅಧಿಕಾರಿ ಮುಂದೆ ಬರಲಿರುವ ಕೂಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಬಾಕಿ ಫೀಸಿನ ಜೊತೆಗೆ ಒಂಬತ್ತು ತಿಂಗಳ ಖರ್ಚು, ಅಂದರೆ 10,539 ಪೌಂಡ್, ಖಾತೆಯಲ್ಲಿ ಸತತ 28 ದಿನ ಇರಬೇಕು. ಅದರ ಬದಲಿಗೆ ಮಾನ್ಯತೆ ಪಡೆದ ಬ್ಯಾಂಕಿನ ಶಿಕ್ಷಣ ಸಾಲದ ಪತ್ರವನ್ನು ತೋರಿಸಬಹುದು. ಪೌಂಡಿಗೆ 120 ರೂಪಾಯಿ ಎಂದಿಟ್ಟುಕೊಂಡರೂ ಇದು 12 ಲಕ್ಷ 60 ಸಾವಿರ ರೂಪಾಯಿ ದಾಟುತ್ತದೆ. ಕೆಲವು ಏಜೆಂಟರು ಈ ಹಣವನ್ನು 28 ದಿನಕ್ಕೆ ಕೈಗಡ ಹೊಂದಿಸಿ ತೋರಿಸಿ, ವೀಸಾ ಬಂದ ಮೇಲೆ ಹಿಂದಕ್ಕೆ ಪಡೆಯುತ್ತಾರೆ. ಹಾಗೆ ಹೋದ ಹುಡುಗ ಖಾಲಿ ಕೈಯಲ್ಲಿ ಇಳಿಯುತ್ತಾನೆ ಮತ್ತು ಮೊದಲ ತಿಂಗಳಿನಿಂದಲೇ ನಾನು ಮೇಲೆ ಹೇಳಿದ ಕೆಲಸಗಳ ಬಾಗಿಲು ಬಡಿಯುತ್ತಾನೆ. ಕೋರ್ಸು ಹನ್ನೆರಡು ತಿಂಗಳಿನದು, ತೋರಿಸಬೇಕಾದುದು ಒಂಬತ್ತು ತಿಂಗಳಿನದು ಮಾತ್ರ ಎಂಬುದನ್ನೂ ಗಮನಿಸಿ. ಉಳಿದ ಮೂರು ತಿಂಗಳ ಖರ್ಚು ಬೇರೆ. ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕವೇ ವರ್ಷಕ್ಕೆ 776 ಪೌಂಡ್, ವೀಸಾದ ಅವಧಿ ಕೋರ್ಸಿಗಿಂತ ಕೆಲವು ತಿಂಗಳು ಹೆಚ್ಚಿರುವುದರಿಂದ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಅದು ಸಾಮಾನ್ಯವಾಗಿ 1,164 ಪೌಂಡ್ ಆಗುತ್ತದೆ.

ಬೆಳೆಗಾರರ ಕುಟುಂಬಕ್ಕೆ ಇನ್ನೊಂದು ತೊಡಕಿದೆ. ಅವನ ಖರ್ಚು ಸೆಪ್ಟೆಂಬರ್‌ನಲ್ಲಿ ಆರಂಭವಾಗುತ್ತದೆ. ನಿಮ್ಮ ಅರೇಬಿಕಾ ಕೊಯ್ಲಿಗೆ ಬರುವುದು ನವೆಂಬರ್ ನಂತರ, ರೋಬಸ್ಟಾ ಜನವರಿಯ ನಂತರ, ಒಣಗಿಸಿ ಮಾರಿ ಹಣ ಕಾಣುವುದು ಇನ್ನೂ ತಡ. ಆದ್ದರಿಂದ ಮೊದಲ ಆರು ತಿಂಗಳ ಖರ್ಚಾದರೂ ಹೊರಡುವ ಮುನ್ನವೇ ಬೇರೆ ತೆಗೆದಿಟ್ಟಿರಬೇಕು. ಫೀಸನ್ನು ಕಂತುಗಳಲ್ಲಿ ಕಟ್ಟಲು ಹಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಎರಡನೇ ಕಂತನ್ನು ಫಸಲಿನ ನಂತರಕ್ಕೆ ಹೊಂದಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ ನೋಡಿ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದ ಬೆಳೆಯುತ್ತಿರುತ್ತದೆ. ಅದನ್ನು ತಿಂಗಳು ತಿಂಗಳು ಕಟ್ಟಿಕೊಂಡು ಹೋಗುವ ಶಕ್ತಿ ತೋಟದ ಆದಾಯಕ್ಕಿದೆಯೇ ಎಂಬುದೇ ನೀವು ಹಾಕಬೇಕಾದ ಮೊದಲ ಲೆಕ್ಕ. ಮನೆಯೊಂದೇ ಸಾಕಾಗದೆ ತೋಟವನ್ನೂ ಅಡವಿಡುವ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಸಾಲ ಕಟ್ಟಲಾಗದ ಕಾಫಿ ತೋಟಗಳಿಗೆ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ಮಾರಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ ಹರಾಜು ನೋಟಿಸ್ ಬಂದ ಸಂಕಟವನ್ನು ನಮ್ಮ ಜಿಲ್ಲೆಗಳ ಬೆಳೆಗಾರರು ಕಂಡಿದ್ದಾರೆ.

ಓದು ಮುಗಿದ ಮೇಲಿನ ಎರಡು ವರ್ಷದ ಮಾತು ನಿಮ್ಮ ಮಗನಿಗೆ ಅನ್ವಯಿಸುವುದಿಲ್ಲ. ಗ್ರಾಜುಯೇಟ್ ವೀಸಾ ಎಂಬ ಆ ಅನುಮತಿ 2021ರ ಜುಲೈನಿಂದ ಎರಡು ವರ್ಷದ್ದಾಗಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ, ಪಿಎಚ್.ಡಿ. ಪಡೆದವರಿಗೆ ಮಾತ್ರ ಮೂರು ವರ್ಷ ಉಳಿಯುತ್ತದೆ. 2026ರ ಸೆಪ್ಟೆಂಬರ್‌ನಲ್ಲಿ ಸೇರುವವನು ಅರ್ಜಿ ಹಾಕುವುದು 2027ರ ಕೊನೆಗೆ. ಆ 18 ತಿಂಗಳಲ್ಲಿ ಗಂಟೆಗಳ ಮಿತಿಯಿಲ್ಲ, ಸ್ವಂತ ವ್ಯವಹಾರಕ್ಕೂ ಅಡ್ಡಿಯಿಲ್ಲ. ಅದರ ನಂತರವೂ ಉಳಿಯಬೇಕಾದರೆ ವೀಸಾಕ್ಕೆ ಪ್ರಾಯೋಜಕನಾಗಲು ಒಪ್ಪುವ ಕಂಪನಿಯ ನೌಕರಿ ಬೇಕು. 2025ರ ಜುಲೈನಿಂದ ಅದಕ್ಕೆ ವಾರ್ಷಿಕ ಸಂಬಳದ ಸಾಮಾನ್ಯ ಮಿತಿ 41,700 ಪೌಂಡ್, ಹೊಸಬರಿಗೆ 33,400 ಪೌಂಡ್, ಆಯಾ ವೃತ್ತಿಗೆ ನಿಗದಿಯಾದ ದರ ಅದಕ್ಕಿಂತ ಹೆಚ್ಚಿದ್ದರೆ ಅಷ್ಟು. ಸಾಲ ತೀರಿಸುವ ಯೋಜನೆ ಈ ನೌಕರಿಯನ್ನೇ ನಂಬಿದ್ದರೆ ಅದು ಸಿಗದಿರುವ ಸಾಧ್ಯತೆಯನ್ನೂ ಎದುರಿಟ್ಟುಕೊಂಡು ಮಾತನಾಡಿ. ಬೆಂಗಳೂರಿಗೆ ಮರಳಿ ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಲು ಸಾಧ್ಯವೇ? ಸಾಧ್ಯವೆಂದಾದರೆ ಸಾಲದ ಗಾತ್ರ ಸರಿಯಿದೆ.

ನಿಮ್ಮ ಮುಂದಿರುವ ದಾರಿಗಳನ್ನು ಹೇಳುತ್ತೇನೆ. ಮೊದಲನೆಯದು, ಮಗನ ಗಳಿಕೆ ಸೊನ್ನೆ ಎಂದಿಟ್ಟುಕೊಂಡು ಹನ್ನೆರಡು ತಿಂಗಳ ಪೂರ್ತಿ ಖರ್ಚನ್ನು ಸಾಲ ಮತ್ತು ಉಳಿತಾಯದಲ್ಲಿ ಹೊಂದಿಸಿ ಕಳುಹಿಸುವುದು. ಹೊಂದುವುದಾದರೆ ಧೈರ್ಯವಾಗಿ ಹೋಗಲಿ, ದುಡಿದದ್ದು ಅವನ ಕೈಖರ್ಚಿಗೂ ಬಡ್ಡಿಗೂ ಆಗುತ್ತದೆ. ಹೊಂದದಿದ್ದರೆ ಪ್ರವೇಶವನ್ನು ಒಂದು ವರ್ಷ ಮುಂದೂಡಲು ಕೇಳಬಹುದು. ಇದಕ್ಕೆ ಹೆಚ್ಚಿನ ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಆದರೆ ಅಷ್ಟರಲ್ಲಿ ಫೀಸು ಏರಬಹುದು, ನಿಯಮ ಇನ್ನೂ ಬಿಗಿಯಾಗಬಹುದು. ನಿಮ್ಮ ಸ್ಥಿತಿಯಲ್ಲಿ ನನಗೆ ಹೆಚ್ಚು ಹಿಡಿಸುವ ದಾರಿ ಇದೇ, ಏಕೆಂದರೆ ಮಗನಿಗೆ ಈಗಾಗಲೇ ನೌಕರಿಯಿದೆ. ಎರಡು ವರ್ಷದ ಅನುಭವ, ಅಂದರೆ 2,800 ಗಂಟೆಗಳ ಕೆಲಸ, ಪೂರ್ಣವಾದರೆ ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಸ್ಪರ್ಧೆ ಬಹಳ ತೀವ್ರ, ಓದಿನ ನಂತರ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತೂ ಇದೆ, ಆದರೂ ಸಾಲವಿಲ್ಲದ ಓದಿಗೆ ಅದು ಪ್ರಯತ್ನಿಸತಕ್ಕದ್ದೇ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ್ದರೆ ವಿದೇಶ ವ್ಯಾಸಂಗಕ್ಕೆ ನೆರವು ನೀಡುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯನ್ನು ವಿಚಾರಿಸಿ.

ಇನ್ನೊಂದು ದಾರಿ ಕೋರ್ಸಿನ ಭಾಗವಾಗಿಯೇ ಉದ್ಯೋಗ ತರಬೇತಿ ಇರುವ ಎರಡು ವರ್ಷದ ಎಂ.ಎಸ್ಸಿ. ಆ ತರಬೇತಿಯನ್ನು ಪೂರ್ಣಾವಧಿ ಮಾಡಲು ವೀಸಾ ಒಪ್ಪುತ್ತದೆ. ಆದರೆ ಎಷ್ಟೋ ಕಡೆ ತರಬೇತಿಯ ಜಾಗವನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು, ಸಿಗದವರನ್ನು ಸಾಮಾನ್ಯ ಕೋರ್ಸಿಗೆ ಬದಲಾಯಿಸುತ್ತಾರೆ.

ಬೇರೆ ದೇಶಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೋಲಿಕೆಗಾಗಿ ಹೇಳುವುದಾದರೆ ಮಿತಿಯಿಲ್ಲದ ದೇಶವನ್ನು ಹುಡುಕಿ ಪ್ರಯೋಜನವಿಲ್ಲ. ಕೆನಡಾದಲ್ಲಿ 2024ರ ನವೆಂಬರ್‌ನಿಂದ ವಾರಕ್ಕೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ, ಜರ್ಮನಿಯಲ್ಲಿ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಅಮೆರಿಕದಲ್ಲಿ ಮೊದಲ ಶೈಕ್ಷಣಿಕ ವರ್ಷ ಸಾಮಾನ್ಯವಾಗಿ ಕ್ಯಾಂಪಸ್ಸಿನ ಒಳಗೆ ಮಾತ್ರ, ಅದೂ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲದಿರುವುದರಿಂದ ಸಾಲದ ಭಾರ ಕಡಿಮೆಯಾಗುತ್ತದೆ. ಎಂಜಿನಿಯರಿಂಗ್ ಓದಿದ ನಿಮ್ಮ ಮಗ ಭಾಷೆ ಕಲಿಯುವ ತಾಳ್ಮೆಯಿದ್ದರೆ ಅದನ್ನು ಗಂಭೀರವಾಗಿ ಪರಿಶೀಲಿಸಬಹುದು.

ಏಜೆಂಟರ ವಿಚಾರದಲ್ಲಿ ಒಂದು ಮಾತು. ಪ್ರವೇಶ ಕೊಡಿಸುವವರಿಗೆ ಸಾಮಾನ್ಯವಾಗಿ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ. ಅದು ತಪ್ಪಲ್ಲ, ಆದರೆ ಅವರ ಸಲಹೆಯನ್ನು ಕೇಳುವಾಗ ನೆನಪಿರಬೇಕು. ಓದಿನ ಜೊತೆ ಕೆಲಸ ಕೊಡಿಸುತ್ತೇನೆಂದು ಹಣ ಕೇಳಿದರೆ ವಿಷಯವೇ ಬೇರೆಯಾಗುತ್ತದೆ. ವಿದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಣಿ ಪಡೆದಿರಬೇಕು, ನೋಂದಾಯಿತರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ.

ಈ ತೀರ್ಮಾನವನ್ನು ನೀವು ಮುಂಗಡ ಕಟ್ಟುವ ಮೊದಲೇ ಮಾಡಬೇಕು. ವಿಶ್ವವಿದ್ಯಾಲಯಗಳು ವೀಸಾಕ್ಕೆ ಬೇಕಾದ ದೃಢೀಕರಣ ಸಂಖ್ಯೆಯನ್ನು ಕೊಡುವ ಮುನ್ನ ಫೀಸಿನ ಒಂದು ಭಾಗವನ್ನು ಮುಂಗಡವಾಗಿ ಕೇಳುತ್ತವೆ. ವೀಸಾ ನಿರಾಕರಣೆಯಾದರೆ ಅದನ್ನು ಹಿಂದಿರುಗಿಸುವುದು ರೂಢಿ, ಆದರೆ ಸುಳ್ಳು ದಾಖಲೆಯ ಕಾರಣಕ್ಕೆ ನಿರಾಕರಣೆಯಾದರೆ ಅಥವಾ ನೀವಾಗಿಯೇ ಹಿಂದೆ ಸರಿದರೆ ಮರಳಿ ಬರುವ ಖಾತ್ರಿಯಿಲ್ಲ. ಮರುಪಾವತಿ ನಿಯಮ, ಮುಂದೂಡಿದರೆ ಮುಂಗಡ ಮುಂದಿನ ವರ್ಷಕ್ಕೆ ವರ್ಗವಾಗುತ್ತದೆಯೇ, ಫೀಸಿನ ಕಂತುಗಳ ದಿನಾಂಕ, ಬೇಸಿಗೆಯಲ್ಲಿ ಅನ್ವಯಿಸುವ ಗಂಟೆಗಳ ಮಿತಿ, ಈ ನಾಲ್ಕಕ್ಕೂ ವಿಶ್ವವಿದ್ಯಾಲಯದ ಲಿಖಿತ ಉತ್ತರ ಕೈಗೆ ಬರುವವರೆಗೆ ಹಣ ಕಟ್ಟಬೇಡಿ. ಇಮೇಲನ್ನು ಏಜೆಂಟರ ಕಚೇರಿಯಿಂದಲ್ಲ, ಮಗನ ಸ್ವಂತ ವಿಳಾಸದಿಂದ ಕಳುಹಿಸಿ.